‘ಇಲ್ಲ’ ಎನ್ನುವುದೇ ಕಷ್ಟ

2025ರ ಆರಂಭದಲ್ಲಿ ಗಣಕವಿಜ್ಞಾನದ ಸುದ್ದಿಯೊಂದು ಸಾಮಾನ್ಯ ಓದುಗರವರೆಗೂ ಬಂತು. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಪದವಿ ಓದುತ್ತಿದ್ದಾಗ ಆಂಡ್ರ್ಯೂ ಕ್ರಾಪಿವಿನ್ ಒಂದು ಪ್ರಬಂಧದ ಜಾಡು ಹಿಡಿದು ಹೊರಟಿದ್ದರು. ಮುಂದೆ ಮಾರ್ಟಿನ್ ಫರಾಕ್-ಕೋಲ್ಟನ್ ಮತ್ತು ವಿಲಿಯಂ ಕುಜ್ಮಾಲ್ ಜೊತೆಗೂಡಿ ಅವರು ಬರೆದ ಪ್ರಬಂಧ, ಟ್ಯೂರಿಂಗ್ ಪ್ರಶಸ್ತಿ ಪಡೆದ ಆಂಡ್ರ್ಯೂ ಯಾವೊ 1985ರಲ್ಲಿ ಮುಂದಿಟ್ಟಿದ್ದ ಊಹೆಯೊಂದನ್ನು ಸುಳ್ಳು ಮಾಡಿತು. ಅಂಥದೊಂದು ಊಹೆ ಇದೆಯೆಂಬುದೇ ಕ್ರಾಪಿವಿನ್‌ಗೆ ಗೊತ್ತಿರಲಿಲ್ಲ!

ಇಷ್ಟೆಲ್ಲ ನಡೆದದ್ದು ಯಾವುದರ ಸುತ್ತ? ಈ ಹೆಸರು ಪಟ್ಟಿಯಲ್ಲಿ ಇದೆಯೇ, ಇಲ್ಲವೇ ಎಂಬ ಪ್ರಶ್ನೆಯ ಸುತ್ತ. ಪ್ರೋಗ್ರಾಮರುಗಳು ಡಿಕ್ಷನರಿ ಎಂದು ಕರೆಯುವ ಸಂಗ್ರಹದಲ್ಲಿ ಪ್ರತಿ ಮಾಹಿತಿಗೂ ಒಂದು ಕೀ ಇರುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಲ್ಲವರು ‘ಇನ್’ ಎಂಬ ಎರಡಕ್ಷರದ ಪದ ಬಳಸಿ ಆ ಕೀ ಉಂಟೋ ಎಂದು ಕೇಳುತ್ತಾರೆ. ಹತ್ತು ಕೀ ಇರಲಿ, ಕೋಟಿ ಇರಲಿ, ಉತ್ತರ ಹೆಚ್ಚುಕಡಿಮೆ ಅಷ್ಟೇ ಹೊತ್ತಿನಲ್ಲಿ ಬರುತ್ತದೆ. ಕೋಟಿ ಹೆಸರನ್ನು ಒಂದೊಂದಾಗಿ ಓದದೆಯೇ ‘ಇಲ್ಲ’ ಎಂದು ಖಚಿತವಾಗಿ ಹೇಳುವುದು ಹೇಗೆ?

ಹಳ್ಳಿಯ ಅಂಚೆ ಕಚೇರಿಯಲ್ಲಿ ಗೂಡುಗೂಡಾಗಿ ಮಾಡಿದ ಮರದ ಕಪಾಟನ್ನು ನೆನೆಯಿರಿ. ಹೆಸರಿನ ಮೊದಲ ಅಕ್ಷರಕ್ಕೊಂದು ಗೂಡು. ‘ನನಗೆ ಕಾಗದ ಬಂದಿದೆಯಾ?’ ಎಂದು ಮಂಜುನಾಥ ಕೇಳಿದರೆ ಪೋಸ್ಟ್‌ಮಾಸ್ಟರು ಮಕಾರದ ಗೂಡಿಗೆ ಮಾತ್ರ ಕೈ ಹಾಕುತ್ತಾರೆ. ಗೂಡು ಖಾಲಿಯಿದ್ದರೆ ಮಿಕ್ಕ ಗೂಡುಗಳನ್ನು ನೋಡದೆಯೇ ‘ಇಲ್ಲ’ ಅನ್ನಬಹುದು. ಆದರೆ ಮಹೇಶ, ಮಮತಾ, ಮಲ್ಲಪ್ಪ ಎಲ್ಲರೂ ಇರುವ ಊರಿನಲ್ಲಿ ಆ ಗೂಡು ತುಂಬಿ ತುಳುಕುತ್ತದೆ, ಠಕಾರದ ಗೂಡಿನಲ್ಲಿ ಧೂಳು ಕೂರುತ್ತದೆ. ಹಾಗಾಗಿ ಕಂಪ್ಯೂಟರು ಮೊದಲ ಅಕ್ಷರವನ್ನು ನೆಚ್ಚುವುದಿಲ್ಲ. ಹೆಸರಿನ ಎಲ್ಲ ಅಕ್ಷರಗಳ ಸಂಕೇತ ಸಂಖ್ಯೆಗಳನ್ನೂ ಕಲಸಿ, ಗುಣಿಸಿ, ಭಾಗಿಸಿ ಒಂದು ಸಂಖ್ಯೆ ತೆಗೆಯುತ್ತದೆ. ಅದೇ ಹ್ಯಾಶ್. ಆ ಸಂಖ್ಯೆ ತೋರಿಸಿದ ಗೂಡೇ ಆ ಹೆಸರಿನ ಗೂಡು.

ಎಷ್ಟು ಕಲಸಿದರೂ ಎರಡು ಹೆಸರು ಒಂದೇ ಗೂಡಿಗೆ ಬರುವುದು ತಪ್ಪದು. ಆಗ ಏನು ಮಾಡಬೇಕೆಂಬುದರಲ್ಲೇ ಈ ವಿದ್ಯೆಯ ಇತಿಹಾಸವೆಲ್ಲ ಅಡಗಿದೆ. 1953ರ ಜನವರಿಯಲ್ಲಿ ಐಬಿಎಂನ ಹ್ಯಾನ್ಸ್ ಪೀಟರ್ ಲೂನ್ ಕಚೇರಿಯೊಳಗಿನ ಟಿಪ್ಪಣಿಯೊಂದರಲ್ಲಿ, ಒಂದೇ ಗೂಡಿಗೆ ಬಂದವನ್ನೆಲ್ಲ ಸರಪಳಿಯಾಗಿ ಪೋಣಿಸುವ ಉಪಾಯ ಬರೆದರು. ಮರುವರ್ಷ ಅದೇ ಸಂಸ್ಥೆಯ ಜೀನ್ ಆಮ್ಡಾಲ್, ಇಲೇನ್ ಮೆಕ್‌ಗ್ರಾ, ನಥಾನಿಯಲ್ ರೋಚೆಸ್ಟರ್ ಮತ್ತು ಆರ್ಥರ್ ಸ್ಯಾಮ್ಯುಯೆಲ್ ಇನ್ನೂ ಸರಳ ದಾರಿ ಹಿಡಿದರು: ಗೂಡು ತುಂಬಿದ್ದರೆ ಪಕ್ಕದ್ದಕ್ಕೆ ಹಾಕು, ಅದೂ ತುಂಬಿದ್ದರೆ ಅದರಾಚೆಯದಕ್ಕೆ. ಶೀತಲ ಸಮರದ ಆ ದಿನಗಳಲ್ಲಿ ಸೋವಿಯತ್ ಒಕ್ಕೂಟದ ಆಂದ್ರೇ ಎರ್ಷೋವ್ ಕೂಡ ಇದನ್ನೇ ಸ್ವತಂತ್ರವಾಗಿ ಕಂಡುಕೊಂಡರು.

ಪಕ್ಕದ ಗೂಡಿನ ಈ ಉಪಾಯಕ್ಕೆ ಎಷ್ಟು ಬೆಲೆ ತೆರಬೇಕೆಂದು 1962ರಲ್ಲಿ ಲೆಕ್ಕ ಹಾಕಿದವರು ಡೊನಾಲ್ಡ್ ಕನೂತ್. ಅರ್ಧ ತುಂಬಿದ ಕಪಾಟಿನಲ್ಲಿ ಇರುವ ಕೀ ಹುಡುಕಲು ಸರಾಸರಿ ಒಂದೂವರೆ ಗೂಡು ನೋಡಿದರೆ ಸಾಕು, ಇಲ್ಲದ್ದಕ್ಕೆ ಎರಡೂವರೆ. ಶೇಕಡಾ 90 ತುಂಬಿದಾಗ ಇರುವುದಕ್ಕೆ ಐದೂವರೆ, ಇಲ್ಲದ್ದಕ್ಕೆ ಐವತ್ತೂವರೆ! ‘ಇದೆ’ ಎನ್ನಲು ಅದು ಸಿಕ್ಕರೆ ಮುಗಿಯಿತು. ‘ಇಲ್ಲ’ ಎನ್ನಬೇಕಾದರೆ ಖಾಲಿ ಗೂಡು ಸಿಗುವ ತನಕ ನಡೆಯಲೇಬೇಕು. ಇಲ್ಲಿ ಖಾಲಿ ಜಾಗ ವ್ಯರ್ಥವಲ್ಲ, ಉತ್ತರ ಕೊಡುವುದೇ ಅದು. ಆದ್ದರಿಂದಲೇ ಒಂದು ಕೀ ಅಳಿಸಿದಾಗ ಅದರ ಗೂಡನ್ನು ಸುಮ್ಮನೆ ಖಾಲಿ ಬಿಡುವಂತಿಲ್ಲ. ಬಿಟ್ಟರೆ ಮುಂದಿನ ಗೂಡಿನಲ್ಲಿ ಕುಳಿತ ಕೀಯನ್ನೂ ‘ಇಲ್ಲ’ ಎನ್ನುವ ಅಪಾಯವಿದೆ. ಪೈಥಾನ್ ಅಲ್ಲಿ ‘ಇಲ್ಲೊಂದು ಇತ್ತು’ ಎಂಬ ಗುರುತು ಬಿಟ್ಟು ಹೋಗುತ್ತದೆ.

ಇನ್ನು ಯಾವೊ ಅವರ ಊಹೆ. ಅದು ಹೆಚ್ಚುಕಡಿಮೆ ಭರ್ತಿಯಾದ ಕಪಾಟಿನ ಕುರಿತದ್ದು. ಶೇಕಡಾ 99 ತುಂಬಿದ್ದರೆ ಅತಿ ಕಷ್ಟದ ಹುಡುಕಾಟಕ್ಕೆ ನೂರರ ಆಸುಪಾಸಿನ ಹೆಜ್ಜೆ ಬೇಕು, ಶೇಕಡಾ 99.9 ತುಂಬಿದ್ದರೆ ಸಾವಿರದ ಆಸುಪಾಸು ಎಂಬುದು ಅದರ ಒಟ್ಟು ತಾತ್ಪರ್ಯ. ಕಪಾಟು ತುಂಬುತ್ತ ಹೋದಂತೆ ಹೆಜ್ಜೆಗಳು ಅಷ್ಟು ಜೋರಾಗಿ ಏರಬೇಕಿಲ್ಲ ಎಂದು ಕ್ರಾಪಿವಿನ್ ಮತ್ತು ಸಂಗಡಿಗರು ಸಾಧಿಸಿ ತೋರಿಸಿದರು. ಗಣಿತವಾಗಿ ಇದು ಸೊಗಸಾದ ಕೆಲಸ. ಆದರೆ ಕಂಪ್ಯೂಟರುಗಳೆಲ್ಲ ಇದರಿಂದ ವೇಗ ಪಡೆಯುತ್ತವೆ ಎಂದು ಸುದ್ದಿ ಓದಿದ ಯಾರಾದರೂ ನಂಬಿದ್ದರೆ ಅದು ಉತ್ಪ್ರೇಕ್ಷೆ. ಪೈಥಾನಿನ ಡಿಕ್ಷನರಿ ಮೂರರಲ್ಲಿ ಎರಡು ಪಾಲು ತುಂಬುವ ಹೊತ್ತಿಗೇ ದೊಡ್ಡ ಕಪಾಟಿಗೆ ಎಲ್ಲವನ್ನೂ ಸಾಗಿಸಿಬಿಡುತ್ತದೆ. ಶೇಕಡಾ 99ರ ಇಕ್ಕಟ್ಟು ಅಲ್ಲಿ ಬರುವುದೇ ಇಲ್ಲ.

ಕನ್ನಡದಲ್ಲಿ ದತ್ತಾಂಶ ಇಟ್ಟುಕೊಂಡವರಿಗೆ ಬರುವ ಇಕ್ಕಟ್ಟೇ ಬೇರೆ. ಜಿಲ್ಲೆಗಳ ಡಿಕ್ಷನರಿಯಲ್ಲಿ ‘ಕೊಡಗು’ ಇದೆ. ಕಣ್ಣಿಗೂ ಕಾಣುತ್ತಿದೆ. ಕೇಳಿದರೆ ಮಾತ್ರ ಕಂಪ್ಯೂಟರು ‘ಇಲ್ಲ’ ಎನ್ನುತ್ತದೆ. ಕಾರಣ, ಅಕ್ಷರಗಳಿಗೆ ಸಂಕೇತ ಸಂಖ್ಯೆ ನಿಗದಿ ಮಾಡುವ ಯೂನಿಕೋಡ್‌ನಲ್ಲಿದೆ. ‘ಕೊ’ ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಇಲ್ಲವೇ ಎತ್ವ ಮತ್ತು ಕೊಂಬಿನ ಇಳಿ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಎರಡೂ ಸಮಾನವೆಂದು ಯೂನಿಕೋಡ್ ನಿಯಮವೇ ಹೇಳುತ್ತದೆ, ಪರದೆಯ ಮೇಲೂ ಎರಡೂ ಒಂದೇ. ಉದ್ದ ಕೇಳಿದರೆ ಪೈಥಾನ್ ಮೊದಲನೆಯದಕ್ಕೆ 5 ಎನ್ನುತ್ತದೆ, ಎರಡನೆಯದಕ್ಕೆ 6. ಹ್ಯಾಶ್ ನೋಡುವುದು ಸಂಕೇತಗಳನ್ನೇ ಹೊರತು ಅಕ್ಷರದ ರೂಪವನ್ನಲ್ಲ. ಹಾಗಾಗಿ ಸಂಖ್ಯೆ ಬೇರೆ, ಗೂಡೂ ಬೇರೆ. ಅಕಸ್ಮಾತ್ ಒಂದೇ ಗೂಡಿಗೆ ಬಂದರೂ ಸಂಕೇತಗಳನ್ನು ಹೋಲಿಸಿದಾಗ ಎರಡೂ ಬೇರೆ ಎಂದೇ ತೀರ್ಮಾನ. ‘ಕೋಲಾರ’ದಲ್ಲಿ ಗೋಜಲು ಇನ್ನೂ ಹೆಚ್ಚು: ಆ ಓತ್ವವನ್ನು ಒಂದು, ಎರಡು ಅಥವಾ ಮೂರು ಸಂಕೇತಗಳಲ್ಲಿ ಬರೆಯಲು ಬರುತ್ತದೆ. ಮತದಾರರ ಪಟ್ಟಿಯಾಗಲಿ, ಗ್ರಂಥಾಲಯದ ಸೂಚಿಯಾಗಲಿ, ಬೇರೆಬೇರೆ ತಂತ್ರಾಂಶದಿಂದ ಬಂದ ಪಠ್ಯವನ್ನು ಒಟ್ಟು ಸೇರಿಸಿದಾಗ ಇರುವ ಹೆಸರು ಇಲ್ಲವಾಗುವುದಕ್ಕೆ ಇಷ್ಟು ಸಾಕು.

ಪರಿಹಾರ ಕಷ್ಟದ್ದಲ್ಲ. ಸಮಾನ ರೂಪಗಳನ್ನೆಲ್ಲ ಒಂದೇ ರೂಪಕ್ಕೆ ತರುವ ಎನ್‌ಎಫ್‌ಸಿ ಎಂಬ ಕ್ರಮವನ್ನು ಯೂನಿಕೋಡ್ ನಿಗದಿ ಮಾಡಿದೆ. ಪೈಥಾನಿನಲ್ಲಿ ಅದಕ್ಕೆ ಸಿದ್ಧ ಸೌಲಭ್ಯವಿದೆ, ಒಂದು ಸಾಲಿನ ಕೆಲಸ. ಕನ್ನಡದ ಹೆಸರುಗಳನ್ನು ಕೀ ಮಾಡಿಕೊಂಡಿರುವ ಪ್ರೋಗ್ರಾಮರುಗಳು ಡಿಕ್ಷನರಿಗೆ ಸೇರಿಸುವಾಗಲೂ, ಅದರಲ್ಲಿ ಹುಡುಕುವಾಗಲೂ ಆ ಸಾಲನ್ನು ತಪ್ಪದೆ ಬರೆಯಲಿ.