ಗಣಿ ನೀರು ತೊಳೆಯುವ ಸಗಣಿ



ಕೆರೆ ಬತ್ತಿ, ಬೋರ್‌ವೆಲ್ ಕೈಕೊಟ್ಟ ಬೇಸಿಗೆಯಲ್ಲಿ ದನ ಮೇಯಿಸುವವರ ಕಣ್ಣು ಹಳೆಯ ಗಣಿ ಹೊಂಡಗಳ ಮೇಲೆ ಬೀಳುತ್ತದೆ. ವರ್ಷವಿಡೀ ನೀರು ನಿಂತಿರುತ್ತದೆ. ತಳ ಕಾಣುವಷ್ಟು ತಿಳಿ, ಪಾಚಿ ಇಲ್ಲ, ಕಪ್ಪೆ ಇಲ್ಲ. "ಡಾಕ್ಟ್ರೇ, ನಮ್ಮೂರ ಕೆರೆ ನೀರಿಗಿಂತ ಇದೇ ವಾಸಿ" ಎನ್ನುವವರೂ ಇದ್ದಾರೆ. ನಿಂತ ನೀರಿನಲ್ಲಿ ಪಾಚಿ, ಕಪ್ಪೆ, ಮೀನು ಯಾವುದೂ ಇಲ್ಲ ಎಂದರೆ ಮೊದಲು ಕೇಳಬೇಕಾದ ಪ್ರಶ್ನೆ, ಅವು ಅಲ್ಲಿ ಯಾಕೆ ಬದುಕಿಲ್ಲ ಎಂಬುದು.

ಇಂಥ ನೀರನ್ನು ತೊಳೆಯಲು ಕೆಲವು ದೇಶಗಳಲ್ಲಿ ಬಳಸುವ ವಸ್ತುಗಳ ಪಟ್ಟಿ ಕೇಳಿದರೆ ನಗು ಬರಬಹುದು: ಸಗಣಿ ಗೊಬ್ಬರ, ಮರದ ಹೊಟ್ಟು, ಒಣಹುಲ್ಲು, ಸುಣ್ಣದ ಕಲ್ಲು. ನಿಮ್ಮ ತಿಪ್ಪೆಯ ಸುತ್ತಮುತ್ತ ಇರುವುದೇ. ಇದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ, ಕೆಟ್ಟ ನೀರು ಕುಡಿದ ಹಸುವಿನ ಹೊಟ್ಟೆಯಲ್ಲಿ ಏನಾಗುತ್ತದೆ ಎಂಬುದೂ ಅರ್ಥವಾಗುತ್ತದೆ. ಎರಡೂ ಕಡೆ ನಡೆಯುವುದು ಒಂದೇ ಕ್ರಿಯೆ.

ಮೊದಲು ನೀರು ಕೆಡುವ ಬಗೆ ನೋಡೋಣ. ತಾಮ್ರ, ಸೀಸ, ಸತು, ಕೆಲವು ಕಡೆ ಚಿನ್ನದ ಅದಿರು ಕೂಡ ಗಂಧಕದ ಜೊತೆ ಸೇರಿಕೊಂಡ ಕಲ್ಲಿನಲ್ಲಿರುತ್ತದೆ. ಅದರೊಂದಿಗೆ ಪೈರೈಟ್ ಎಂಬ, ಹಿತ್ತಾಳೆಯಂತೆ ಹೊಳೆಯುವ ಕಲ್ಲೂ ಇರುತ್ತದೆ; ಅದು ಕಬ್ಬಿಣ ಮತ್ತು ಗಂಧಕ ಸೇರಿ ಆದದ್ದು. ನೆಲದ ಆಳದಲ್ಲಿ ಗಾಳಿ ತಾಗದೆ ಇರುವವರೆಗೆ ಇದರಿಂದ ಯಾರಿಗೂ ತೊಂದರೆ ಇಲ್ಲ. ಗಣಿ ತೋಡಿ, ಕಲ್ಲು ಒಡೆದು, ಉಳಿದ ಪುಡಿಯನ್ನು ರಾಶಿ ಹಾಕಿದಾಗ ಗಾಳಿ ಮತ್ತು ಮಳೆನೀರು ಅದಕ್ಕೆ ತಾಗುತ್ತವೆ. ಕೆಲವು ಸೂಕ್ಷ್ಮಾಣುಗಳೂ ಕೈ ಜೋಡಿಸುತ್ತವೆ. ಆಗ ಹುಟ್ಟುವುದು ಗಂಧಕಾಮ್ಲ, ಅಂದರೆ ಟ್ರ್ಯಾಕ್ಟರ್ ಬ್ಯಾಟರಿಯಲ್ಲಿರುವ ಆಸಿಡ್. ಈ ಆಸಿಡ್ ಕಲ್ಲಿನಲ್ಲಿರುವ ಸೀಸ, ಸತು, ತಾಮ್ರ, ಕ್ಯಾಡ್ಮಿಯಂಗಳನ್ನು ಕರಗಿಸಿಕೊಂಡು ಹರಿಯುತ್ತದೆ. ಉಪ್ಪು ಕರಗಿದ ನೀರು ತಿಳಿಯಾಗಿಯೇ ಕಾಣುವ ಹಾಗೆ ಲೋಹ ಕರಗಿದ ನೀರೂ ತಿಳಿಯಾಗಿಯೇ ಕಾಣುತ್ತದೆ. ಬಟ್ಟೆಯಲ್ಲಿ ಸೋಸಿದರೆ, ಕಾಯಿಸಿದರೆ ಲೋಹ ಹೋಗುವುದಿಲ್ಲ. ಕಾಯಿಸಿದರೆ ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ ಅಷ್ಟೆ.

ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದಲ್ಲಿ ವೀಲ್ ಜೇನ್ ಎಂಬ ತವರದ ಗಣಿ ಇತ್ತು. 1991ರಲ್ಲಿ ಗಣಿ ಮುಚ್ಚಿದರು, ನೀರೆತ್ತುವ ಪಂಪುಗಳೂ ನಿಂತವು. ಸುರಂಗಗಳಲ್ಲಿ ನೀರು ತುಂಬುತ್ತಾ ಬಂದು 1992ರ ಜನವರಿಯಲ್ಲಿ ಸುಮಾರು 5 ಕೋಟಿ ಲೀಟರ್ ಆಸಿಡ್ ನೀರು ಒಮ್ಮೆಗೇ ಹೊರನುಗ್ಗಿತು. ನದಿ, ಅದು ಸೇರುವ ಅಳಿವೆ ಎಲ್ಲವೂ ಕಾವಿ ಬಣ್ಣಕ್ಕೆ ತಿರುಗಿದವು. ಗಣಿ ಮುಚ್ಚಿದರೆ ಮಾಲಿನ್ಯವೂ ನಿಂತಿತು ಎಂದುಕೊಂಡವರಿಗೆ ಇದು ದೊಡ್ಡ ಪಾಠವಾಯಿತು.

ಈಗ ಹೊಂಡದ ವಿಷಯಕ್ಕೆ ಬರೋಣ. ಆಳವಾದ ಹೊಂಡ ತೋಡಿ, ತಳ ಸೋರದಂತೆ ಹಾಳೆ ಹಾಸಿ, ಸಗಣಿ ಗೊಬ್ಬರ, ಮರದ ಹೊಟ್ಟು, ಒಣಹುಲ್ಲು, ಸುಣ್ಣದ ಕಲ್ಲಿನ ಚೂರು ಬೆರೆಸಿ ತುಂಬುತ್ತಾರೆ. ಗಣಿ ನೀರು ಈ ಮಿಶ್ರಣದ ಮೂಲಕ ನಿಧಾನವಾಗಿ ಇಳಿದು, ತಳದ ಕೊಳವೆಯಿಂದ ಹೊರಬರುತ್ತದೆ. ಮಿಶ್ರಣ ಸದಾ ನೀರಿನಲ್ಲಿ ಮುಳುಗಿರುವುದರಿಂದ ಒಳಗೆ ಗಾಳಿಯಾಡುವುದಿಲ್ಲ. ಗೋಬರ್ ಗ್ಯಾಸ್ ಗುಂಡಿಯಂಥದೇ ಸ್ಥಿತಿ. ಸಗಣಿಯಲ್ಲಿ ಗಾಳಿ ಬೇಡದ ಒಂದು ಜಾತಿಯ ಸೂಕ್ಷ್ಮಾಣುಗಳಿವೆ. ನಾವು ಆಮ್ಲಜನಕ ಉಸಿರಾಡುವಂತೆ ಅವು ನೀರಿನಲ್ಲಿ ಕರಗಿದ ಸಲ್ಫೇಟನ್ನು ಬಳಸುತ್ತವೆ. ಅವುಗಳಿಗೆ ಮೇವು ಬೇಕಲ್ಲ, ಅದು ಹೊಟ್ಟು ಮತ್ತು ಹುಲ್ಲು ಕೊಳೆತು ಸಿಗುತ್ತದೆ. ಸಲ್ಫೇಟ್ ಬಳಸಿದ ಮೇಲೆ ಅವು ಬಿಡುವುದು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್. ಇದು ನೀರಿನಲ್ಲಿರುವ ಸತು, ಸೀಸ, ತಾಮ್ರ, ಕ್ಯಾಡ್ಮಿಯಂ ಸಿಕ್ಕಿದ ತಕ್ಷಣ ಹಿಡಿದುಕೊಂಡು, ಕರಗದ ಪುಡಿಯಾಗಿ ಗೊಬ್ಬರದಲ್ಲೇ ಕೂರಿಸುತ್ತದೆ. ಜೊತೆಗೆ ಸುಣ್ಣದ ಕಲ್ಲು ಆಸಿಡ್ಡನ್ನು ತಗ್ಗಿಸುತ್ತದೆ. ಗಣಿಯಲ್ಲಿ ಗಾಳಿ ಸೇರಿ ಗಂಧಕದಿಂದ ಬಿಡಿಸಿಕೊಂಡಿದ್ದ ಲೋಹ ಇಲ್ಲಿ ಗಾಳಿ ಇಲ್ಲದ ಕಡೆ ಮತ್ತೆ ಗಂಧಕಕ್ಕೇ ಅಂಟಿಕೊಳ್ಳುತ್ತದೆ.

ಇದೇ ಜಾತಿಯ ಸೂಕ್ಷ್ಮಾಣುಗಳು ನಿಮ್ಮ ಹಸುವಿನ ಮೊದಲ ಹೊಟ್ಟೆಯಲ್ಲೂ, ಅಂದರೆ ರೂಮೆನ್‌ನಲ್ಲೂ, ಇವೆ. ಅಲ್ಲಿಯೂ ಗಾಳಿ ಇಲ್ಲ, ಮೇವು ಕೊಳೆಯುತ್ತಿರುತ್ತದೆ. ಸಲ್ಫೇಟ್ ಹೆಚ್ಚಿರುವ ನೀರು ಕುಡಿಸಿದರೆ ಅಲ್ಲಿಯೂ ಅದೇ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಹೊಂಡದಲ್ಲಿ ಅದು ನಮಗೆ ಬೇಡದ ಲೋಹವನ್ನು ಹಿಡಿಯುತ್ತದೆ. ರೂಮೆನ್‌ನಲ್ಲಿ ಹಸುವಿಗೆ ಬೇಕಾದ ತಾಮ್ರವನ್ನು ಹಿಡಿದು, ಸಗಣಿಯಲ್ಲಿ ಹೊರಗೆ ಕಳಿಸಿಬಿಡುತ್ತದೆ. ಮೇವಿನಲ್ಲಿ ಮಾಲಿಬ್ಡಿನಂ ಎಂಬ ಖನಿಜ ಹೆಚ್ಚಿದ್ದರೆ ಈ ಹಿಡಿತ ಇನ್ನೂ ಬಿಗಿ. ನೀರಿನಲ್ಲಿ ಕಬ್ಬಿಣ ಜಾಸ್ತಿ ಇದ್ದರೂ ತಾಮ್ರ ಸರಿಯಾಗಿ ಮೈಗೆ ಹತ್ತುವುದಿಲ್ಲ. ಎಚ್‌ಎಫ್ ಹಸುವಿನ ಕಪ್ಪು ಕೂದಲು ತುಕ್ಕು ಬಣ್ಣಕ್ಕೆ ತಿರುಗುವುದು, ಕಣ್ಣಿನ ಸುತ್ತ ಕನ್ನಡಕ ಹಾಕಿದಂತೆ ಕೂದಲು ಬೆಳ್ಳಗಾಗುವುದು, ನಿಲ್ಲದ ಭೇದಿ, ಸರಿಯಾಗಿ ಬೆದೆಗೆ ಬಾರದಿರುವುದು ತಾಮ್ರ ಕೊರತೆಯ ಲಕ್ಷಣಗಳು. ಎಷ್ಟೋ ಸಲ ಖನಿಜ ಮಿಶ್ರಣ ತಪ್ಪದೆ ಕೊಡುವ ಮನೆಯಲ್ಲೇ ಇದು ಕಾಣುತ್ತದೆ. ಆಗ ಮಿಶ್ರಣದ ಪೊಟ್ಟಣವನ್ನು ಬೈಯುವ ಮೊದಲು ನೀರಿನ ತೊಟ್ಟಿ ನೋಡಬೇಕು. ಹಾಲು ಕೊಡುವ ಹಸು ದಿನಕ್ಕೆ 60ರಿಂದ 100 ಲೀಟರ್ ನೀರು ಕುಡಿಯುತ್ತದೆ. ನೀರಿನಲ್ಲಿ ಸ್ವಲ್ಪವೇ ದೋಷವಿದ್ದರೂ ಲೆಕ್ಕ ಬೆಳೆಯುತ್ತದೆ.

ಸಲ್ಫೇಟ್ ತೀರಾ ಹೆಚ್ಚಾದರೆ ಇನ್ನೊಂದು ಅಪಾಯವಿದೆ. ಹಸು ತೇಗಿದಾಗ ಹೊರಬಂದ ಆ ಗ್ಯಾಸ್ ಉಸಿರಿನ ಜೊತೆ ಮತ್ತೆ ಶ್ವಾಸಕೋಶ ಸೇರಿ, ರಕ್ತದ ಮೂಲಕ ಮಿದುಳಿಗೆ ಪೆಟ್ಟು ಕೊಡುತ್ತದೆ. ಹಸು ಕುರುಡಾದಂತೆ ಗೋಡೆಗೆ ಹಣೆ ಒತ್ತಿ ನಿಲ್ಲುತ್ತದೆ. ಸೀಸದ ವಿಷದಲ್ಲೂ ಹೆಚ್ಚುಕಡಿಮೆ ಇದೇ ಲಕ್ಷಣ, ಜೊತೆಗೆ ಹಲ್ಲು ಕಡಿಯುವುದು, ಮೈ ನಡುಕ. ಸೀಸ ಹಾಲಿಗೂ ಇಳಿಯುತ್ತದೆ, ಆದ್ದರಿಂದ ಅಂಥ ರಾಸಿನ ಹಾಲನ್ನು ಸಂಘಕ್ಕೂ ಹಾಕಬಾರದು, ಮನೆಯಲ್ಲೂ ಬಳಸಬಾರದು. ಹಣೆ ಒತ್ತುವ ರಾಸನ್ನು ಕಂಡ ಕೂಡಲೇ ಫೋನ್ ಮಾಡಿ; ಸಂಜೆವರೆಗೆ ಕಾಯಬೇಡಿ.

ಸಗಣಿ ಹೊಂಡಗಳು ಪ್ರಯೋಗಾಲಯದ ಆಟವಾಗಿ ಉಳಿದಿಲ್ಲ. ಅಮೆರಿಕದ ಮಿಸೌರಿ ರಾಜ್ಯದ ವೆಸ್ಟ್ ಫೋರ್ಕ್ ಸೀಸದ ಗಣಿಯಲ್ಲಿ 1996ರಲ್ಲಿ ಇಂಥ ದೊಡ್ಡ ಹೊಂಡಗಳನ್ನು ಕಟ್ಟಿದರು. ತುಂಬಿದ್ದು ಕಾಂಪೋಸ್ಟ್ ಮಾಡಿದ ದನದ ಸಗಣಿ, ಮರದ ಹೊಟ್ಟು, ಸುಣ್ಣದ ಕಲ್ಲು ಮತ್ತು ನಾವು ಮೇವಿಗೆ ಬೆಳೆಯುವ ಕುದುರೆ ಮೆಂತೆ. ನಿಮಿಷಕ್ಕೆ ಸುಮಾರು 4,500 ಲೀಟರ್ ನೀರು ತೊಳೆಯುವ ಲೆಕ್ಕದಲ್ಲಿ ಕಟ್ಟಿದ್ದು. ಇಂಗ್ಲೆಂಡಿನ ಕಂಬ್ರಿಯಾದಲ್ಲಿ ಫೋರ್ಸ್ ಕ್ರ್ಯಾಗ್ ಎಂಬ ಹಳೆಯ ಗಣಿಯಲ್ಲಿ 2014ರಿಂದ ಇಂಥ ಎರಡು ಹೊಂಡಗಳಿವೆ. ಅಲ್ಲಿ ಸಗಣಿಯ ಬದಲು ಕಾಂಪೋಸ್ಟ್, ಮರದ ಚಕ್ಕೆ, ಚರಂಡಿ ನೀರು ಶುದ್ಧೀಕರಿಸುವ ಘಟಕದ ಒಣಗಿಸಿದ ಕೆಸರು ಬಳಸಿದ್ದಾರೆ. ನೀರಿನ ಸತುವಿನಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಹೊಂಡದಲ್ಲೇ ಉಳಿಯುತ್ತದೆ.

ಎಲ್ಲಾ ಕಡೆ ನಡೆಯುತ್ತದೆ ಎಂದಲ್ಲ. ವೀಲ್ ಜೇನ್‌ನಲ್ಲಿ ಮರದ ಹೊಟ್ಟು, ಹುಲ್ಲು, ಸಗಣಿಯ ಹೊಂಡಗಳನ್ನು ಹಲವು ವರ್ಷ ಪರೀಕ್ಷಿಸಿದರು. ಅಲ್ಲಿನ ನೀರಿನ ಪ್ರಮಾಣ ದೊಡ್ಡದು, ಜಾಗ ಕಡಿಮೆ. ಕೊನೆಗೆ 2000ದಲ್ಲಿ ಸುಣ್ಣ ಬೆರೆಸುವ ಯಂತ್ರ ಘಟಕವನ್ನೇ ಕಟ್ಟಬೇಕಾಯಿತು. ಕಬ್ಬಿಣ ಜಾಸ್ತಿ ಇದ್ದರೆ ಹೊಂಡ ಕಟ್ಟಿಕೊಳ್ಳುತ್ತದೆ. ಹುಲ್ಲು, ಹೊಟ್ಟು ಕರಗಿದ ಮೇಲೆ ಎಲ್ಲವನ್ನೂ ತೆಗೆದು ಹೊಸದು ತುಂಬಬೇಕು. ಆ ತೆಗೆದ ಕಪ್ಪು ಗೊಬ್ಬರ ನೋಡಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಂತೆಯೇ ಇರುತ್ತದೆ. ಹೊಲಕ್ಕೆ ಹಾಕುವಂತಿಲ್ಲ! ಹೊಂಡ ಹಿಡಿದಿಟ್ಟ ಸೀಸವೆಲ್ಲ ಅದರಲ್ಲಿದೆ. ಗಾಳಿಗೆ ಹರಡಿದರೆ ಮತ್ತೆ ಬಿಡಿಸಿಕೊಂಡು ಬೆಳೆಗೆ ಹೋಗುತ್ತದೆ.

ಕಡಲೆಕಾಯಿ ಸಿಪ್ಪೆ, ತೆಂಗಿನ ನಾರಿನ ಪುಡಿ, ಬಾಳೆಹಣ್ಣಿನ ಸಿಪ್ಪೆಗಳೂ ಲೋಹವನ್ನು ಮೈಗೆ ಅಂಟಿಸಿಕೊಳ್ಳುತ್ತವೆ ಎಂದು ಪ್ರಯೋಗಾಲಯಗಳಲ್ಲಿ ತೋರಿಸಿದ್ದಾರೆ. ನಿಜ. ಆದರೆ ಪಶುವೈದ್ಯನಾಗಿ ನನಗೆ ಬರುವ ಯೋಚನೆ ಬೇರೆ: ಬಳಸಿ ಬಿಸಾಕಿದ ಸಿಪ್ಪೆಯನ್ನು ಬೀದಿಯಲ್ಲಿ ಮೇಯುವ ದನ ತಿಂದರೆ?

ನಮ್ಮ ಕಡೆಯ ಗಣಿಗಳೆಲ್ಲ ಒಂದೇ ಥರ ಅಲ್ಲ. ಚಿತ್ರದುರ್ಗದ ಇಂಗಳದಾಳ್ ತಾಮ್ರದ ಗಣಿಯ ಅದಿರು ಗಂಧಕದ್ದು. ಅಂಥ ಕಡೆ ನಿಂತ ನೀರನ್ನು ಪರೀಕ್ಷೆ ಮಾಡಿಸದೆ ದನಕ್ಕೆ ಕುಡಿಸಬಾರದು. ಬಳ್ಳಾರಿ, ಸಂಡೂರಿನ ಕಬ್ಬಿಣದ ಅದಿರಿನಲ್ಲಿ ಗಂಧಕ ಬಹಳ ಕಡಿಮೆ. ಮಳೆಗಾಲದಲ್ಲಿ ಅಲ್ಲಿ ಹರಿಯುವ ಕೆಂಪು ನೀರು ಮುಖ್ಯವಾಗಿ ಅದಿರಿನ ಮಣ್ಣು. ಅದಕ್ಕೆ ಸಗಣಿ ಹೊಂಡ ಬೇಕಿಲ್ಲ, ಮಣ್ಣು ತಂಗುವ ಕಟ್ಟೆಗಳು ಬೇಕು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ ಅರೆದ ಕಲ್ಲಿನ ಹುಡಿಯ ದಿಬ್ಬಗಳು ನಿಂತೇ ಇವೆ. ಅಲ್ಲಿ ಗಾಳಿಗೆ ಹಾರಿ ಹುಲ್ಲಿನ ಮೇಲೆ ಕೂರುವ ದೂಳಿನ ಬಗ್ಗೆಯೂ ಎಚ್ಚರ ಬೇಕು. ದಿಬ್ಬದ ಬುಡದ ಹುಲ್ಲು ಕೊಯ್ಯಬೇಡಿ.

ಇದನ್ನು ಓದಿ ಯಾರೂ ಮನೆಯ ತೊಟ್ಟಿಗೆ ಸಗಣಿ ಹಾಕಿ ನೀರು ಶುದ್ಧ ಮಾಡಲು ಹೊರಡಬಾರದು. ನೀರಿಗೆ ರೋಗಾಣು ಸೇರುತ್ತದೆ, ಲೋಹ ಹಾಗೇ ಉಳಿಯುತ್ತದೆ. ಮುಚ್ಚಿದ ಗುಂಡಿಯಲ್ಲಿ ಆ ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್ ಮನುಷ್ಯರ ಪ್ರಾಣವನ್ನೂ ತೆಗೆಯುತ್ತದೆ. ಗೋಬರ್ ಗ್ಯಾಸ್ ಗುಂಡಿಗೆ ಇಳಿದವರು, ಅವರನ್ನು ಎತ್ತಲು ಇಳಿದವರು ಇಬ್ಬರೂ ಸತ್ತ ಸುದ್ದಿ ನೀವು ಓದಿಯೇ ಇರುತ್ತೀರಿ.

ಗಣಿ ಹತ್ತಿರದ ಹೊಂಡ ಅಥವಾ ಬೋರ್‌ವೆಲ್ ನೀರನ್ನೇ ನಂಬಿಕೊಂಡವರು ಒಮ್ಮೆ ಪರೀಕ್ಷೆ ಮಾಡಿಸಿ. ಒಂದು ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಬಾಯಿವರೆಗೆ ತುಂಬಿ, ಜಾಗ ಮತ್ತು ದಿನಾಂಕ ಬರೆದು ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಿ. ಪಿಎಚ್, ಸಲ್ಫೇಟ್, ಕಬ್ಬಿಣದ ಜೊತೆಗೆ ಸೀಸ, ಕ್ಯಾಡ್ಮಿಯಂ, ತಾಮ್ರ, ಸತು ಬೇಕು ಎಂದು ಬರೆದು ಕೇಳಿ. ಕೇಳದಿದ್ದರೆ ಸಾಮಾನ್ಯ ಪರೀಕ್ಷೆಯಲ್ಲಿ ಅವು ಬಿಟ್ಟುಹೋಗಬಹುದು. ಸಲ್ಫೇಟ್ ಲೀಟರಿಗೆ 1,000 ಮಿಲಿಗ್ರಾಂ ದಾಟಿದ್ದರೆ ದೊಡ್ಡ ರಾಸಿಗೂ ಆ ನೀರು ಸಲ್ಲದು. ಕರುಗಳಿಗೆ ಅದರ ಅರ್ಧವೇ ಮಿತಿ. ವರದಿಯನ್ನು ಸಂಘದ ಕಾರ್ಯದರ್ಶಿಯ ಕೈಯಲ್ಲಿ ಕೊಟ್ಟರೂ ಸಾಕು, ಹಾಲಿನ ವಾಹನದಲ್ಲಿ ನಮ್ಮ ಶಿಬಿರ ಕಚೇರಿಗೆ ಬಂದು ಸೇರುತ್ತದೆ.