ವಿದ್ಯುತ್ತಿನ ಕ್ಷಾಮವೂ ಗುಂಡಿಯ ಒಡೆತನವೂ

ವಿದ್ಯುಚ್ಛಕ್ತಿಯು ಸಾಲದಾದಾಗ ಇದ್ದುದನ್ನು ಎಲ್ಲರೂ ಹಂಚಿಕೊಳ್ಳಬೇಕೆಂಬ ವಿಷಯದಲ್ಲಿ ಎರಡು ಮಾತಿಲ್ಲ. ಯಾರ ಪಾಲನ್ನು, ಯಾವ ನಿಯಮದಿಂದ, ಯಾರ ಕೈಯಿಂದ ಕಡಿಮೆಮಾಡತಕ್ಕದ್ದೆಂಬುದೇ ಪ್ರಶ್ನೆ.

ಅಮೆರಿಕದ ಕೊಲರಾಡೋ ಸಂಸ್ಥಾನದಲ್ಲಿ 2022ನೆಯ ಆಗಸ್ಟ್ 30ರಂದು ಬಿಸಿಲಿನ ತಾಪವು ಹೆಚ್ಚಿದಾಗ, ಎಕ್ಸೆಲ್ ಎನರ್ಜಿ ಎಂಬ ವಿದ್ಯುತ್ ಕಂಪನಿಯು ಸುಮಾರು 22,000 ಗ್ರಾಹಕರ ಥರ್ಮೋಸ್ಟಾಟನ್ನು, ಎಂದರೆ ಕೊಠಡಿಯ ಉಷ್ಣವನ್ನು ಗೊತ್ತುಮಾಡುವ ಸಾಧನವನ್ನು, ದೂರದಿಂದಲೇ ಬಿಗಿಹಿಡಿಯಿತು. ಮನೆಯ ಯಜಮಾನನು ತನ್ನ ಗೋಡೆಯ ಮೇಲಿನ ಗುಂಡಿಯನ್ನೊತ್ತಿದರೂ ಕೊಠಡಿಯು ತಂಪಾಗಲಿಲ್ಲ. ಅವರೆಲ್ಲರೂ ಸೇರುವಾಗ 100 ಡಾಲರನ್ನೂ ವರ್ಷಕ್ಕೆ 25 ಡಾಲರನ್ನೂ ರಿಯಾಯಿತಿಯಾಗಿ ಪಡೆಯಲು ಒಪ್ಪಿದ್ದವರೇ. ಆದರೂ ದೊಡ್ಡ ಕೂಗೆದ್ದಿತು. ಕ್ಯಾಲಿಫೋರ್ನಿಯದಲ್ಲಿ ಇಂತಹ ಸಾಧನವನ್ನು ಹೊಸ ಮನೆಗಳಿಗೆ ಕಡ್ಡಾಯಮಾಡುವ ಸಲಹೆಯನ್ನು ಪ್ರಜೆಗಳ ವಿರೋಧದಿಂದಾಗಿ 2008ರಲ್ಲಿ ಹಿಂದೆಗೆದುಕೊಳ್ಳಬೇಕಾಯಿತು.

ಈ ವೃತ್ತಾಂತವನ್ನು ಕೇಳಿದರೆ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಕಡೆಯ ರೈತನು ನಕ್ಕಾನು. ಅವನ ಪಂಪುಸೆಟ್ಟಿನ ಗುಂಡಿಯು ನಿಜವಾಗಿ ಸಬ್‌ಸ್ಟೇಷನ್ನಿನಲ್ಲಿರುತ್ತದೆ. ಮೂರು ಫೇಸಿನ ವಿದ್ಯುತ್ತು ಬಂದಷ್ಟು ಹೊತ್ತೇ ಅವನಿಗೆ ನೀರು. 2023ರ ಬರಗಾಲದಲ್ಲಿ ಸರ್ಕಾರವು ಅಕ್ಟೋಬರಿನಲ್ಲಿ ದಿನಕ್ಕೆ 5 ಗಂಟೆಯೆಂದಿತು. ನವೆಂಬರಿನಲ್ಲಿ 7 ಗಂಟೆಯೆಂದಿತು. ಆ ಗಂಟೆಗಳು ನಡುರಾತ್ರಿಯಲ್ಲಿ ಬಿದ್ದರೆ, ಹಾವು ಹುಳುಗಳ ಭಯವನ್ನು ಬದಿಗಿಟ್ಟು ಕಬ್ಬಿನ ಗದ್ದೆಗೆ ಹೋಗಬೇಕು. ಗೊತ್ತಾದ ವೇಳೆಯನ್ನು ನಂಬಲಾರದೆ ರೈತರು ಆಟೋ ಸ್ಟಾರ್ಟರುಗಳನ್ನಿಟ್ಟುಕೊಳ್ಳುತ್ತಾರೆ. ವಿದ್ಯುತ್ತು ಬಂದೊಡನೆ ಪಂಪುಗಳೆಲ್ಲ ಒಮ್ಮೆಲೇ ಹೊರಟು, ಭಾರವು ಟ್ರಾನ್ಸ್‌ಫಾರ್ಮರಿನ ಮೇಲೆ ಬೀಳುತ್ತದೆ. ನಂಬಿಕೆಯಿಲ್ಲದ ಹತೋಟಿಯು ತನಗೆ ತಾನೇ ವೈರಿಯಾಗುವುದು ಹೀಗೆ.

ಹತ್ತು ಅಶ್ವಶಕ್ತಿಯವರೆಗೆ ಉಚಿತವಾಗಿ ಪಡೆಯುವವರು ವೇಳೆಯ ವಿಷಯದಲ್ಲಿ ತಕರಾರು ಮಾಡಬಹುದೇ ಎಂದು ಕೆಲವು ಪಟ್ಟಣಿಗರು ಕೇಳಬಹುದು. ಉಚಿತವೆಂಬುದು ಬೆಲೆಯ ಮಾತು. ಬೆಳೆಗೆ ನೀರು ಬೇಕಾದ ಹೊತ್ತು ಅದರಿಂದ ಬದಲಾಗುವುದಿಲ್ಲ. ಅಲ್ಲದೆ ಇದೇ ಸೀಮೆಯ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಹುಟ್ಟಿದ ಶಕ್ತಿಯು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೂ ಹೋಯಿತೆಂಬುದು ವಾಚಕರಿಗೆ ವಿದಿತವೇ ಆಗಿದೆ. ದೂರದವರ ಪಾಲು ಮೊದಲೆಂಬುದನ್ನು ಇಲ್ಲಿಯ ಜನರು ಬಹುಕಾಲದಿಂದ ಸಹಿಸಿದ್ದಾರೆ.

ಈಗ ಪಟ್ಟಣಗಳ ಸರದಿಯೂ ಬರುವಂತೆ ತೋರುತ್ತದೆ. ಹೊಸ ಹವಾನಿಯಂತ್ರಕಗಳನ್ನು 20 ಡಿಗ್ರಿಗಿಂತ ಕೆಳಕ್ಕೂ 28 ಡಿಗ್ರಿಗಿಂತ ಮೇಲಕ್ಕೂ ಹೋಗದಂತೆ ಮಾಡುವ ವಿಚಾರವನ್ನು ಕೇಂದ್ರ ವಿದ್ಯುತ್ ಮಂತ್ರಿಗಳು 2025ರ ಜೂನಿನಲ್ಲಿ ಪ್ರಕಟಿಸಿದರು. ಇದನ್ನು ನಾವು ವಿರೋಧಿಸುವುದಿಲ್ಲ. ಗದ್ದೆಯು ಒಣಗುವಾಗ ಕಚೇರಿಯ ಕೊಠಡಿಯು ಎರಡು ಡಿಗ್ರಿ ಬೆಚ್ಚಗಾದರೆ ರಾಜ್ಯಕ್ಕೆ ಹಾನಿಯಿಲ್ಲ. ಆದರೆ ಗದ್ದೆಗೂ ಕೊಠಡಿಗೂ ಒಂದೇ ಧರ್ಮವಿರಬೇಕು. ಕಡಿತದ ವೇಳೆಯನ್ನು ಮುಂಚಿತವಾಗಿ ಪ್ರಕಟಿಸತಕ್ಕದ್ದು, ಪ್ರಕಟಿಸಿದ್ದನ್ನು ನಡೆಸಿಕೊಡತಕ್ಕದ್ದು, ರೈತನಿಗೆ ಸಾಧ್ಯವಾದಮಟ್ಟಿಗೆ ಹಗಲಿನಲ್ಲೇ ಕೊಡತಕ್ಕದ್ದು, ರೋಗಿಗಳಿರುವ ಮನೆಗಳಿಗೆ ವಿನಾಯಿತಿಯಿರತಕ್ಕದ್ದು.

ಸೋಮನಹಳ್ಳಿಯವರೇ ಆದ ಎಸ್. ಎಂ. ಕೃಷ್ಣರು ಮುಖ್ಯಮಂತ್ರಿಗಳಾಗಿದ್ದಾಗ, 2002ರಲ್ಲಿ, ವಿದ್ಯುತ್ ವಿತರಣೆಯು ಪ್ರತ್ಯೇಕ ಕಂಪನಿಗಳ ವಶವಾಯಿತು. ಅವುಗಳನ್ನು ವಿಚಾರಿಸಿಕೊಳ್ಳಲು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವಿದೆ. ಆಯೋಗವು ಈ ನಾಲ್ಕು ನಿಯಮಗಳನ್ನು ಬಹಿರಂಗ ವಿಚಾರಣೆಗೆ ತಂದು, ಮುಂದಿನ ಬೇಸಿಗೆಗೆ ಮೊದಲೇ ಗೊತ್ತುಮಾಡಲೆಂದು ನಾವು ಒತ್ತಾಯಪಡಿಸುತ್ತೇವೆ. ನಿಯಮವನ್ನು ಮುಂದಾಗಿ ತಿಳಿದ ಪ್ರಜೆಯು ಕೊರತೆಯನ್ನು ಸಹಿಸುವನು. ತಿಳಿಸದೆ ಗುಂಡಿಯನ್ನು ಕಸಿದುಕೊಂಡರೆ ಸಹಿಸನು.