ನೆತ್ತಿಯ ಮೇಲೆ ಎರಡು ಮಿಲಿಆಂಪಿಯರ್

ಮಗಳ ಮನೆಗೆ ಹೋಗಿಬಂದು ವಾರವಾಗಿಲ್ಲ, ಹೋದದ್ದೇ ನೆನಪಿಲ್ಲ. ಬೆಳಿಗ್ಗೆ ಕೇಳಿದ್ದನ್ನೇ ಮಧ್ಯಾಹ್ನ ಮತ್ತೆ ಕೇಳುತ್ತಾರೆ. ಅದೇ ಹಿರಿಯರು ಪಿಂಚಣಿ ಲೆಕ್ಕ ತಪ್ಪುವುದಿಲ್ಲ, ಒಬ್ಬರೇ ಬಸ್ಸು ಹತ್ತಿ ಪೇಟೆಗೆ ಹೋಗಿಬರುತ್ತಾರೆ. ಅರಳುಮರಳು ಎಂದು ಮನೆಯವರು ನಕ್ಕು ಸುಮ್ಮನಾಗುವ ಈ ಸ್ಥಿತಿಯನ್ನು ವೈದ್ಯರು ಎಂಸಿಐ, ಅಂದರೆ ಅರಿವಿನ ಸೌಮ್ಯ ಕುಂದು ಎನ್ನುತ್ತಾರೆ. ಇದು ಡಿಮೆನ್ಷಿಯಾ ಅಲ್ಲ, ವಯೋಸಹಜ ಮರೆವೂ ಅಲ್ಲ. ಅಮೆರಿಕದ ನರವೈದ್ಯರ ಅಕಾಡೆಮಿ 2018ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ 60ರಿಂದ 64 ವರ್ಷದವರಲ್ಲಿ ಶೇ 6.7, 80ರಿಂದ 84ರವರಲ್ಲಿ ಶೇ 25.2 ಮಂದಿಗೆ ಇದು ಕಂಡುಬಂತು. ಕೆಲವರು ಮೊದಲಿನಂತಾಗುತ್ತಾರೆ, ಕೆಲವರು ಡಿಮೆನ್ಷಿಯಾದತ್ತ ಜಾರುತ್ತಾರೆ. ನೆಚ್ಚಿಕೊಳ್ಳುವಂಥ ಮಾತ್ರೆ ಇಲ್ಲ. ಹಾಗಾಗಿ ತಲೆಬುರುಡೆ ತೆರೆಯದೆ, ಹೊರಗಿನಿಂದಲೇ ಮಿದುಳನ್ನು ಪ್ರಚೋದಿಸುವ ವಿಧಾನಗಳ ಮೇಲೆ ಹಲವರ ಕಣ್ಣಿದೆ.

ಅವುಗಳಲ್ಲಿ ಮುಖ್ಯವಾದವು ಎರಡು. ಒಂದು, ಟಿಎಂಎಸ್. ತಂತಿಯ ಸುರುಳಿಯಲ್ಲಿ ಕ್ಷಣಮಾತ್ರ ಭಾರೀ ವಿದ್ಯುತ್ ಹರಿಸಿದರೆ ಕಾಂತಕ್ಷೇತ್ರ ಏಳುತ್ತದೆ. ಅದು ಮೂಳೆಯನ್ನು ಸಲೀಸಾಗಿ ದಾಟಿ ಮಿದುಳಿನ ಹೊರಪದರದಲ್ಲಿ ಪುಟ್ಟ ವಿದ್ಯುತ್ ಹುಟ್ಟಿಸುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ವವೇ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥೊನಿ ಬಾರ್ಕರ್ ತಂಡ ಇಂಥ ಸುರುಳಿಯನ್ನು ನೆತ್ತಿಯ ಬಳಿ ಹಿಡಿದಾಗ ಕೈಯ ಸ್ನಾಯು ತಾನಾಗಿ ಅದುರಿತು. ಇನ್ನೊಂದು, ಟಿಡಿಸಿಎಸ್. ಉಪ್ಪುನೀರಲ್ಲಿ ನೆನೆಸಿದ ಎರಡು ಸ್ಪಂಜುಗಳನ್ನು ತಲೆಗೆ ಕಟ್ಟಿ, ಇಪ್ಪತ್ತು ಮೂವತ್ತು ನಿಮಿಷ ಒಂದೆರಡು ಮಿಲಿಆಂಪಿಯರ್ ವಿದ್ಯುತ್ ಹರಿಸುವುದು. ಇದರಿಂದ ನರಕೋಶ ತಾನಾಗಿ ಸಂಕೇತ ಹೊಮ್ಮಿಸುವುದಿಲ್ಲ. ಹೊಮ್ಮಿಸಲು ಸ್ವಲ್ಪ ಹೆಚ್ಚು ಸಿದ್ಧವಾಗುತ್ತದೆ, ಅಷ್ಟೆ. ಆದ್ದರಿಂದಲೇ ವಿದ್ಯುತ್ ಹರಿಯುವಾಗ ಮಿದುಳಿನ ಆ ಭಾಗಕ್ಕೆ ಕೆಲಸವನ್ನೂ ಕೊಡಬೇಕು, ನೆನಪಿನ ಅಭ್ಯಾಸ ಮಾಡಿಸಬೇಕು ಎಂಬುದು ಈ ಕ್ಷೇತ್ರದವರ ವಾದ.

ಈ ಉತ್ಸಾಹಕ್ಕೆ ತಣ್ಣೀರೆರಚಿದವರು ನ್ಯೂಯಾರ್ಕಿನ ನರವಿಜ್ಞಾನಿ ಗ್ಯೋರ್ಗಿ ಬುಜಾಕಿ. ಅವರ ತಂಡ ಶವಗಳ ತಲೆಗೆ ಹೊರಗಿನಿಂದ ವಿದ್ಯುತ್ ಕೊಟ್ಟು, ಒಳಗೆ ಎಷ್ಟು ಮುಟ್ಟಿತೆಂದು ನೇರವಾಗಿ ಅಳೆಯಿತು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸುಮಾರು ಮುಕ್ಕಾಲು ಪಾಲು ಚರ್ಮ, ಅದರಡಿಯ ಅಂಗಾಂಶ ಮತ್ತು ಮೂಳೆಯಲ್ಲೇ ಖರ್ಚಾಗಿತ್ತು. ಹೊಲಕ್ಕೆ ಬಿಟ್ಟ ನೀರು ಕಾಲುವೆಯಲ್ಲೇ ಇಂಗಿದ ಹಾಗೆ. ಉಳಿದ ಕಾಲು ಭಾಗ ಸಾಕೇ ಎಂಬ ಜಗಳ ಇನ್ನೂ ಮುಗಿದಿಲ್ಲ.

ಗುಣ ಕಂಡದ್ದು ವಿದ್ಯುತ್ತಿನಿಂದಲೇ ಎಂದು ತಿಳಿಯಲು ಇನ್ನೊಂದು ಗುಂಪಿಗೆ ಹುಸಿ ಚಿಕಿತ್ಸೆ ಕೊಟ್ಟು ಹೋಲಿಸಬೇಕು. ಟಿಡಿಸಿಎಸ್‌ನಲ್ಲಿ ಅದೂ ಒಂದು ಕುಶಲ ಕಲೆ. ಆರಂಭದಲ್ಲಿ ಚರ್ಮ ಚುರುಗುಟ್ಟುವಷ್ಟು ವಿದ್ಯುತ್ ಬಿಟ್ಟು, ಅರ್ಧ ನಿಮಿಷದಲ್ಲಿ ಮೆಲ್ಲಗೆ ನಿಲ್ಲಿಸಿಬಿಡುತ್ತಾರೆ. ತಲೆಗೆ ಪಟ್ಟಿ ಕಟ್ಟಿಕೊಂಡು ಕೂತವರಿಗೆ ಗೊತ್ತಾಗುವುದಿಲ್ಲ. ಈ ಹೋಲಿಕೆ ಇಲ್ಲದೆ ‘ನೆನಪು ಸುಧಾರಿಸಿತು’ ಎನ್ನುವ ಯಾವ ವರದಿಯನ್ನೂ ನಾನು ನಂಬುವುದಿಲ್ಲ. ದಿನಾ ಯಾರೋ ಕೂರಿಸಿ, ಮಾತಾಡಿಸಿ, ಆರೈಕೆ ಮಾಡಿದರೆ ಯಾವ ಅಜ್ಜನಿಗಾದರೂ ಲವಲವಿಕೆ ಬಂದೀತು.

ಇಷ್ಟೆಲ್ಲ ಎಚ್ಚರದಿಂದ ನಡೆದ ದೊಡ್ಡ ಪ್ರಯೋಗ ಕೆನಡಾದ ಟೊರಾಂಟೊದ್ದು, 2024ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದ 375 ಹಿರಿಯರು ಮೂರು ಬಗೆಯವರು: ಎಂಸಿಐ ಇದ್ದವರು, ಹಿಂದೆ ಖಿನ್ನತೆಯಿಂದ ನರಳಿ ಚೇತರಿಸಿಕೊಂಡವರು, ಎರಡೂ ಇದ್ದವರು. ಒಂದು ಗುಂಪಿಗೆ ವಾರಕ್ಕೆ ಐದು ದಿನದಂತೆ ಎಂಟು ವಾರ ವಿದ್ಯುತ್ತು, ಜೊತೆಗೆ ಬುದ್ಧಿಗೆ ಕಸರತ್ತು. ಇನ್ನೊಂದು ಗುಂಪಿಗೆ ಎರಡೂ ಹುಸಿ. ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ ನಿಜವಾದ ಚಿಕಿತ್ಸೆ ಪಡೆದವರ ಬುದ್ಧಿಶಕ್ತಿ ಹುಸಿ ಗುಂಪಿನವರಿಗಿಂತ ನಿಧಾನವಾಗಿ ಕುಸಿದಿತ್ತು. ಏರಲಿಲ್ಲ, ನಿಧಾನವಾಗಿ ಇಳಿಯಿತು. ಆದರೆ ಹೆಚ್ಚು ಪ್ರಯೋಜನ ಕಂಡವರು ಖಿನ್ನತೆಯ ಹಿನ್ನೆಲೆಯವರು ಮತ್ತು ಅಲ್ಜೈಮರ್‌ಗೆ ವಂಶವಾಹಿಯ ಒಲವು ಕಡಿಮೆ ಇದ್ದವರು. ಬರೀ ಎಂಸಿಐ ಇದ್ದವರಿಗೆ ದಕ್ಕಿದ್ದು ಕಡಿಮೆ. ಇನ್ನೊಂದು ತೊಡಕೂ ಇದೆ: ವಿದ್ಯುತ್ತನ್ನೂ ಕಸರತ್ತನ್ನೂ ಒಟ್ಟಿಗೇ ಕೊಟ್ಟಿದ್ದರಿಂದ, ಕೆಲಸ ಮಾಡಿದ್ದು ಯಾವುದು ಎಂದು ಬೇರ್ಪಡಿಸಿ ಹೇಳಲಾಗದು. ಹುಸಿ ವಿದ್ಯುತ್ತಿನ ಜೊತೆ ನಿಜವಾದ ಕಸರತ್ತು ಮಾಡಿಸಿದ ಮೂರನೇ ಗುಂಪೊಂದು ಇದ್ದಿದ್ದರೆ ಉತ್ತರ ಸಿಗುತ್ತಿತ್ತೇನೋ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಎರಡೂ ವಿಧಾನಗಳು ಬಳಕೆಯಲ್ಲಿವೆ, ಆದರೆ ಮುಖ್ಯವಾಗಿ ಮನೋರೋಗಗಳಿಗೆ. ಮರೆವಿಗೆಂದು ಆನ್‌ಲೈನ್‌ನಲ್ಲಿ ಯಂತ್ರ ತರಿಸಿ ಅಪ್ಪ ಅಮ್ಮನ ತಲೆಗೆ ಕಟ್ಟುವುದು ಬೇಡ. ಮೂರ್ಛೆರೋಗ ಇದ್ದವರಿಗೆ, ತಲೆಯಲ್ಲಿ ಲೋಹದ ಕ್ಲಿಪ್ ಅಥವಾ ಕಿವಿಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಇರುವವರಿಗೆ ಟಿಎಂಎಸ್ ಅಪಾಯವನ್ನೇ ತಂದೀತು. ಇಂಥ ಚಿಕಿತ್ಸೆಯ ಯೋಚನೆಗೂ ಮೊದಲು ಅಗ್ಗದ ಕೆಲಸಗಳಿವೆ: ರಕ್ತದಲ್ಲಿ ಬಿ12 ಮತ್ತು ಥೈರಾಯ್ಡ್ ಎಷ್ಟಿದೆ ನೋಡುವುದು, ನಿದ್ದೆ ಮಾತ್ರೆ ಹೆಚ್ಚಾಗಿದೆಯೇ ಎಂದು ವಿಚಾರಿಸುವುದು, ಕಿವಿ ಪರೀಕ್ಷೆ. ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆ ಅಪರೂಪವಲ್ಲ. ಮರೆವಿಗೆ ಅದೇ ಕಾರಣವಾಗಿದ್ದರೆ, ಬೇಗ ಗೊತ್ತಾದಷ್ಟೂ ಇಂಜೆಕ್ಷನ್ನಿನಿಂದ ಗುಣ ಕಾಣುವ ಸಾಧ್ಯತೆ ಹೆಚ್ಚು.